ಪ್ಯಾಂಟಿನೊಳಗಿನ ನಾಲ್ಕು ಗೆರೆ

ಅಂಗಡಿಯಲ್ಲಿ ಎರಡು ಹೊಲಿಗೆ ಮಿಷನ್ನುಗಳಿದ್ದವು. ಬಾಗಿಲ ಕಡೆಯದು ಮಾಸ್ಟರದು, ಗೋಡೆ ಕಡೆಯದು ಕಾಜಕ್ಕನದು. ಮಾಸ್ಟರ್ ತೀರಿಕೊಂಡು ಏಳು ತಿಂಗಳಾಗಿತ್ತು. ಅವರ ಮಿಷನ್ನಿನ ಮೇಲೆ ಹೊದಿಸಿದ್ದ ಬಟ್ಟೆಯನ್ನು ಕಾಜಕ್ಕ ದಿನಾ ಬೆಳಿಗ್ಗೆ ತೆಗೆದು ಕೊಡವಿ ಮತ್ತೆ ಹೊದಿಸುತ್ತಿದ್ದಳು. ಅದರ ಮೇಲೆ ಧೂಳು ಕೂತರೆ ಅಂಗಡಿಯೇ ಮುಚ್ಚಿದ ಹಾಗೆ ಅಂತ ಅವಳಿಗೆ.

ಗುಂಡಿ ಕೂರುವ ತೂತಿನ ಸುತ್ತ ನೂಲು ಬಿಗಿಯುವುದಕ್ಕೆ ಕಾಜಾ ಎನ್ನುತ್ತಾರೆ. ಮದುವೆಯಾಗಿ ಬಂದ ವಾರದಲ್ಲೇ ಮಾಸ್ಟರ್ ಅವಳ ಕೈಗೆ ಕೊಟ್ಟ ಮೊದಲ ಕೆಲಸ ಅದು. ಬೀದಿಯವರಿಗೆಲ್ಲ ಅವಳು ಕಾಜಕ್ಕನಾದಳು. ಮೂವತ್ತೊಂದು ವರ್ಷ ಇಬ್ಬರೂ ಬೆನ್ನಿಗೆ ಬೆನ್ನು ಕೊಟ್ಟು ಹೊಲಿದರು. ಮಕ್ಕಳಾಗಲಿಲ್ಲ. ಶಾಲೆಯ ಯೂನಿಫಾರಂ, ಆಸ್ಪತ್ರೆಯವರ ಬಿಳಿ ಕೋಟು, ಕಾವಲುಗಾರರ ಖಾಕಿ, ಹೀಗೆ ಒಂದೇ ಬಣ್ಣದ ಬಟ್ಟೆ ರಾಶಿ ರಾಶಿ ಬರುತ್ತಿತ್ತು. ಇಬ್ಬರೂ ಕೂತರೆ ಕೂತರು. ಏಳುತ್ತಿದ್ದದ್ದು ಟೀಗೆ ಮಾತ್ರ.

ಟೀ ದಿನಕ್ಕೆ ಮೂರು ಸಲ. ಹನ್ನೊಂದಕ್ಕೆ, ಮೂರಕ್ಕೆ, ಸಂಜೆ ಆರಕ್ಕೆ. ಅಂಗಡಿಯ ಹಿಂದಿನ ಗೂಡಿನಂಥ ಕೋಣೆಯಲ್ಲಿ ಒಂಟಿ ಒಲೆ. ಮಾಸ್ಟರದು ಕಿವಿ ಮುರಿದ ನೀಲಿ ಕಪ್ಪು, ಅವಳದು ಸ್ಟೀಲ್ ಲೋಟ. ಒಂದೊಂದಕ್ಕೂ ಮೂರು ಚಮಚ ಸಕ್ಕರೆ.

ಮಾಸ್ಟರ್ ಹೋದ ಮೇಲೂ ಕಾಜಕ್ಕ ಎರಡು ಟೀ ಮಾಡುವುದನ್ನು ಬಿಡಲಿಲ್ಲ. ನೀಲಿ ಕಪ್ಪಿಗೆ ತುಂಬಿಸಿ ಅವರ ಮಿಷನ್ನಿನ ಹಲಗೆಯ ಮೇಲಿಡುವಳು. ತನ್ನದು ಕುಡಿಯುವಳು. ಅರ್ಧ ಗಂಟೆ ಬಿಟ್ಟು, ತಣ್ಣಗಾದ ಅವರದನ್ನೂ ಎತ್ತಿ ಕುಡಿಯುವಳು. ಚೆಲ್ಲಲು ಕೈ ಬಾರದು. ಇದು ಯಾರಿಗೂ ಗೊತ್ತಿರಲಿಲ್ಲ.

ಅದಕ್ಕೊಂದು ಕಾರಣವಿತ್ತು. ಸಕ್ಕರೆ ಕಾಯಿಲೆ ಗೊತ್ತಾದ ಮೇಲೆ ಕೊನೆಯ ಒಂದೂವರೆ ವರ್ಷ ಅವಳು ಮಾಸ್ಟರಿಗೆ ಒಂದು ಹರಳು ಸಕ್ಕರೆ ಕೊಟ್ಟವಳಲ್ಲ. ಡಬ್ಬಿಯನ್ನು ತನ್ನ ಸ್ಟೂಲಿನ ಕೆಳಗೆ ಇಟ್ಟುಕೊಂಡು ಕಾದಳು.

"ಈ ಟೀಗೆ ರುಚಿನೇ ಇಲ್ಲ ಕಣೆ," ಎನ್ನುತ್ತಿದ್ದರು ಮಾಸ್ಟರ್, ದಿನಾ.

"ರುಚಿ ಬೇಕೋ, ಜೀವ ಬೇಕೋ?"

"ಎರಡೂ ಸ್ವಲ್ಪ ಸ್ವಲ್ಪ ಕೊಡು."

ಕೊಡಲಿಲ್ಲ. ಸಾಯುವ ಹಿಂದಿನ ದಿನವೂ ಕೇಳಿದ್ದರು, ಆಗಲೂ ಕೊಡಲಿಲ್ಲ. ಜೀವವೂ ಉಳಿಯಲಿಲ್ಲ. ಈಗ ದಿನಕ್ಕೆ ಮೂರು ಸಲ, ಮೂರು ಮೂರು ಚಮಚ, ಆ ಕಪ್ಪಿಗೆ ಹಾಕಿ ತೀರಿಸುತ್ತಿದ್ದಳು. ಅದು ಹೋಗುತ್ತಿದ್ದದ್ದು ಮಾತ್ರ ಅವಳ ಹೊಟ್ಟೆಗೆ.

ಕಾಯಿಲೆ ಗೊತ್ತಾಗಿದ್ದೇ ತಡವಾಗಿ. ಬೇರೆಯವರಿಗೆ ಹೊಟ್ಟೆ ಬಂದರೆ ಮೊದಲು ಹೇಳುವುದು ಪ್ಯಾಂಟು. ಗುಂಡಿ ಕೂರುವುದಿಲ್ಲ, ಉಸಿರು ಬಿಗಿಯುತ್ತದೆ, ಕನ್ನಡಿ ಮುಂದೆ ನಿಂತು ಬೈದುಕೊಳ್ಳುತ್ತಾರೆ. ದರ್ಜಿಗೆ ಆ ತೊಂದರೆಯಿಲ್ಲ. ಪ್ಯಾಂಟು ಹೊಲಿಯುವಾಗ ಹಿಂಭಾಗದ ಹೊಲಿಗೆಯಲ್ಲಿ ಒಂದಿಷ್ಟು ಬಟ್ಟೆ ಒಳಗೆ ಬಿಟ್ಟಿರುತ್ತಾರೆ, ಮುಂದೆ ಬೇಕಾದರೆ ಬಿಚ್ಚಿ ಸಡಿಲ ಮಾಡಲಿ ಅಂತ. ಮಾಸ್ಟರ್ ತಮ್ಮದರಲ್ಲಿ ಧಾರಾಳವಾಗಿ ಬಿಟ್ಟಿದ್ದರು. ಸ್ವಲ್ಪ ಬಿಗಿಯಾದರೆ ಸಾಕು, "ಇದನ್ನೊಂಚೂರು ಬಿಡು" ಎಂದು ಅವಳತ್ತ ಎಸೆಯುತ್ತಿದ್ದರು. ಅವಳು ಹಳೇ ಹೊಲಿಗೆ ಬಿಚ್ಚಿ, ಹೊರಗೊಂದು ಹೊಸ ಹೊಲಿಗೆ ಓಡಿಸಿ ಕೊಡುವಳು. ಐದು ನಿಮಿಷದ ಕೆಲಸ. ತನ್ನ ಅಂಗಿಗಳಿಗೂ ಹಾಗೇ ಮಾಡಿಕೊಳ್ಳುವಳು. ಇಪ್ಪತ್ತು ವರ್ಷ ಇಬ್ಬರ ಬಟ್ಟೆಯೂ ಯಾವತ್ತೂ ಬಿಗಿಯಾಗಲಿಲ್ಲ. ಊರವರ ಸೊಂಟವೆಲ್ಲ ಅಳತೆ ಪುಸ್ತಕದಲ್ಲಿತ್ತು. ಇವರಿಬ್ಬರದು ಇರಲಿಲ್ಲ.

ಬಾಯಾರಿಕೆ ಎಂದರು. ತಗಡಿನ ಮಾಡು, ಸೆಕೆ, ಎಂದಳು. ಗಂಟೆಗೊಮ್ಮೆ ಎದ್ದು ಹೋದರು. ಅಷ್ಟು ನೀರು ಕುಡಿದರೆ ಇನ್ನೇನಾಗುತ್ತೆ, ಎಂದಳು. ಪಾದ ಜೋಮು ಹಿಡಿದಂತೆ ಎಂದರು. ಕೂತೂ ಕೂತೂ, ಎಂದಳು. ಒಂದು ದಿನ ನೆಲ ಗುಡಿಸುವಾಗ ಮಾಸ್ಟರ್ ನಡೆದಲ್ಲೆಲ್ಲ ಕೆಂಪು ಚುಕ್ಕೆ ಕಂಡಿತು. ಕಾಲೆತ್ತಿ ನೋಡಿದರೆ ಹಿಮ್ಮಡಿಯೊಳಗೆ ಮುರಿದ ಸೂಜಿ. ಎರಡು ದಿನದಿಂದ ಅದರ ಮೇಲೇ ನಡೆದಿದ್ದಾರೆ. ಸೂಜಿಯಲ್ಲೇ ಬದುಕಿದ ಮನುಷ್ಯನಿಗೆ ಸೂಜಿ ಚುಚ್ಚಿದ್ದು ಗೊತ್ತಾಗಿರಲಿಲ್ಲ.

ಆಸ್ಪತ್ರೆಯಲ್ಲಿ ರಕ್ತ ನೋಡಿದವರು, ಇದು ಬಂದು ಎಷ್ಟೋ ವರ್ಷವಾಗಿದೆ, ಎಂದರು. ಆ ಗಾಯ ಮಾಯಲಿಲ್ಲ. ಎರಡು ಬೆರಳು ಹೋಯಿತು, ಆಮೇಲೆ ಪಾದ ಹೋಯಿತು. ಅಷ್ಟರಲ್ಲಿ ಮೂತ್ರಪಿಂಡ ಕೈಕೊಟ್ಟಿತ್ತು. ದಿನಕ್ಕೆರಡು ಸಲ ಗಾಯ ತೊಳೆದು ಬಟ್ಟೆ ಕಟ್ಟಿದವಳು ಕಾಜಕ್ಕ. ವಾಸನೆಗೆ ಮುಖ ತಿರುಗಿಸಿದವಳಲ್ಲ.

ಆಸ್ಪತ್ರೆಯ ನರ್ಸು ಕೋಟು ಹೊಲಿಸಲು ಬಂದದ್ದು ಮಾಸ್ಟರ್ ಹೋದ ಏಳನೇ ತಿಂಗಳು. ಮಾಸ್ಟರ ಕಾಲಿಗೆ ಬಟ್ಟೆ ಕಟ್ಟುವುದನ್ನು ಹೇಳಿಕೊಟ್ಟವಳು ಅವಳೇ. ಮಾತಿನಲ್ಲಿ ಚುರುಕು, ಸುತ್ತುಬಳಸು ಗೊತ್ತಿಲ್ಲ. ಕಾಜಕ್ಕ ಟೇಪು ಹಿಡಿದು ಭುಜ, ಎದೆ, ಸೊಂಟ ಅಳೆದು ಬರೆದುಕೊಂಡಳು.

"ಕಾಜಕ್ಕ, ಕಳೆದ ಸಲಕ್ಕಿಂತ ನೀವೇ ದಪ್ಪ ಆಗಿದ್ದೀರಲ್ಲ," ಎಂದಳು ನರ್ಸು.

"ಇಲ್ಲಪ್ಪ. ಇದೇ ಅಂಗಿ ಹಾಕ್ತಿದ್ದೀನಿ, ಆರು ವರ್ಷದಿಂದ."

"ಅಂಗಿ ಬಿಡಿ. ಟೇಪು ಕೊಡಿ ಇಲ್ಲಿ."

"ನಂದ್ಯಾಕೆ?"

"ಊರವರ ಸೊಂಟ ಅಳೆದ್ರಿ. ನಿಮ್ಮದು ಕೊನೇಗೆ ಯಾರು ಅಳೆದಿದ್ದು?"

ಕಾಜಕ್ಕ ಟೇಪು ಅವಳ ಕೈಗಿಟ್ಟಳು. ಅಳೆದವರು ಮಾಸ್ಟರ್. ಮದುವೆಯಾದ ಹೊಸತರಲ್ಲಿ, ಅಂಗಡಿಯ ಬಾಗಿಲು ಅರ್ಧ ಎಳೆದು. ಇಪ್ಪತ್ತಾರು ಇಂಚು ಎಂದು ಹೇಳಿ ಪುಸ್ತಕದಲ್ಲಿ ಬರೆಯದೆ ನಕ್ಕಿದ್ದರು.

ನರ್ಸು ಟೇಪು ಇಟ್ಟು ದಪ್ಪ ನೂಲಿನ ಉಂಡೆ ತೆಗೆದುಕೊಂಡಳು. ಕಾಜಕ್ಕನನ್ನು ಗೋಡೆಗೆ ನಿಲ್ಲಿಸಿ ನೆತ್ತಿಯಿಂದ ಹಿಮ್ಮಡಿವರೆಗೆ ಎಳೆದು ಕತ್ತರಿಸಿದಳು. ಎರಡಾಗಿ ಮಡಚಿದಳು. ಮಡಚಿದ ನೂಲನ್ನು ಹೊಕ್ಕುಳಿಗಿಂತ ಕೊಂಚ ಮೇಲೆ ಸೊಂಟಕ್ಕೆ ಸುತ್ತಿದಳು.

"ಎರಡು ತುದಿ ಮುಟ್ಟಬೇಕು. ಎತ್ತರದ ಅರ್ಧಕ್ಕಿಂತ ಸೊಂಟ ಜಾಸ್ತಿ ಇರಬಾರದು, ಅಷ್ಟೇ ಲೆಕ್ಕ. ನೋಡಿ ನೀವೇ."

ತುದಿಗಳ ನಡುವೆ ಆರು ಇಂಚು ಬಾಕಿ. ಕಾಜಕ್ಕನ ಕಣ್ಣಿಗೆ ಟೇಪು ಬೇಡ.

"ನಾಳೆ ಬೆಳಿಗ್ಗೆ ಏನೂ ತಿನ್ನದೆ ಬನ್ನಿ. ರಕ್ತ ನೋಡ್ತೀನಿ. ಟೀನೂ ಕುಡೀಬಾರದು, ಮೊದಲೇ ಹೇಳಿರ್ತೀನಿ."

ಹೋದಳು. ಕಾಜಕ್ಕನ ರಕ್ತದಲ್ಲಿ ಸಕ್ಕರೆ ನೂರಹದಿನೆಂಟು ಬಂತು.

"ನೂರರೊಳಗೆ ಇರಬೇಕು," ಎಂದಳು ನರ್ಸು. "ನೂರಿಪ್ಪತ್ತಾರು ಮುಟ್ಟಿ, ಇನ್ನೊಂದ್ಸಲ ನೋಡಿದಾಗಲೂ ಅಷ್ಟೇ ಬಂದ್ರೆ ಕಾಯಿಲೆ ಅಂತೀವಿ. ನೀವು ನಡುವೆ ಇದ್ದೀರಿ. ಹೊಸ್ತಿಲ ಮೇಲೆ."

"ಅವರಿಂದ ಅಂಟಿದ್ದಾ?"

"ಅಂಟೋದಲ್ಲ ಇದು. ಆದ್ರೆ ಇಬ್ಬರೂ ಒಂದೇ ಊಟ ಮಾಡಿದ್ರಿ, ಒಂದೇ ಟೀ ಕುಡಿದ್ರಿ, ಒಂದೇ ಥರ ಕೂತ್ರಿ. ನಾವು ತಿಂದಿದ್ದು ಸಕ್ಕರೆಯಾಗಿ ರಕ್ತಕ್ಕೆ ಬರುತ್ತೆ. ಅದನ್ನ ಮೈಯೊಳಗೆ ಸೇರಿಸೋಕೆ ಇನ್ಸುಲಿನ್ ಅಂತ ಇರುತ್ತೆ. ಹೊಟ್ಟೆ ಸುತ್ತ ಕೊಬ್ಬು ಬೆಳೆದು, ಮೈ ಅಲ್ಲಾಡಿಸದೆ ಕೂತ್ರೆ ಮೈ ಅದರ ಮಾತು ಕೇಳಲ್ಲ. ಸಕ್ಕರೆ ರಕ್ತದಲ್ಲೇ ಉಳಿಯುತ್ತೆ."

"ಸೂಜಿ ಇದೆ, ನೂಲಿದೆ, ಬಟ್ಟೆ ಕಚ್ಚಲ್ಲ. ಹಂಗಾ?"

"ಹಂಗೇ. ಈಗ ಸರಿಮಾಡಬಹುದು. ಅರವತ್ತೆಂಟು ಕಿಲೋ ಇದ್ದೀರಿ. ನಾಲ್ಕೈದು ಇಳಿದ್ರೆ ದೊಡ್ಡ ವಿಷಯ. ದಿನಾ ಅರ್ಧ ಗಂಟೆ ಬಿರುಸಾಗಿ ನಡೀರಿ. ತಟ್ಟೇಲಿ ಅರ್ಧ ತರಕಾರಿ, ಅನ್ನ ಒಂದು ಹಿಡಿ ಕಡಿಮೆ. ಟೀಗೆ ಸಕ್ಕರೆ ಬಿಡಿ. ದಿನಕ್ಕೆಷ್ಟು ಟೀ?"

"ಮೂರು," ಎಂದಳು ಕಾಜಕ್ಕ. ಸುಳ್ಳಲ್ಲ. ತನ್ನದು ಮೂರೇ.

"ಇಷ್ಟೆಲ್ಲ ಮಾಡಿ ಯಾರಿಗಾಗಿ ಸಿಸ್ಟರ್?" ಎಂದೂ ಕೇಳಿದಳು.

ನರ್ಸು ಸೂಜಿಯನ್ನು ಡಬ್ಬಿಗೆ ಹಾಕಿ ಮುಚ್ಚಿದಳು. "ಅವರ ಕಾಲು ತೊಳೆಯೋಕೆ ನೀವಿದ್ರಿ," ಎಂದಳು.

ಆ ಮಾತು ಕಾಜಕ್ಕನ ಜೊತೆ ಮನೆವರೆಗೂ ಬಂತು. ತನ್ನ ಕಾಲು ತೊಳೆಯುವವರು ಯಾರು? ಅವಳು ಮಂಚದ ಮೇಲೆ ಕೂತು ಪಾದ ಎತ್ತಿ ಹಿಮ್ಮಡಿಗೆ ಗುಂಡುಸೂಜಿ ಒತ್ತಿ ನೋಡಿಕೊಂಡಳು. ನೋವಾಯಿತು. ಮತ್ತೊಮ್ಮೆ ಒತ್ತಿದಳು. ನೋವಿನಿಂದ ಅಷ್ಟು ಸಮಾಧಾನ ಅವಳಿಗೆ ಯಾವತ್ತೂ ಆಗಿರಲಿಲ್ಲ.

ಮರುದಿನವೇ ಮಿಷನ್ನಿನ ಮೋಟಾರು ಬಿಚ್ಚಿದಳು. ಮಾಸ್ಟರ್ ಕಾಲು ಸೋಲುತ್ತದೆಂದು ಎಂಟು ವರ್ಷದ ಹಿಂದೆ ಎರಡಕ್ಕೂ ಹಾಕಿಸಿದ್ದ ಮೋಟಾರು. ಚಕ್ರಕ್ಕೆ ಮತ್ತೆ ಚರ್ಮದ ಪಟ್ಟಿ ಹಾಕಿ ಕಾಲಿನಲ್ಲಿ ತುಳಿಯತೊಡಗಿದಳು. ನರ್ಸು ಕೇಳಿ, "ಒಳ್ಳೇದೇ, ಆದ್ರೆ ಅದು ಕೂತ ಕೆಲಸವೇ. ನಡಿಗೆ ಲೆಕ್ಕಕ್ಕೆ ಇದನ್ನ ಸೇರಿಸಬೇಡಿ," ಎಂದಳು. ಆದ್ದರಿಂದ ಹೊಲಿದ ಬಟ್ಟೆಗಳನ್ನು ತಾನೇ ಹೊತ್ತು ಮುಟ್ಟಿಸಲು ಶುರುಮಾಡಿದಳು. ಅರ್ಧ ಗಂಟೆಗೊಮ್ಮೆ ಎದ್ದು ಬಾಗಿಲವರೆಗೆ ಹೋಗಿ ಬರುವಳು.

ಪಕ್ಕದ ಅಂಗಡಿಯ ಇಸ್ತ್ರಿಯಣ್ಣನಿಗೆ ಇದು ತಮಾಷೆ.

"ಏನಕ್ಕ, ಬಾಗಿಲಿಗೂ ಮಿಷನ್ನಿಗೂ ಅಳತೆ ತಗೋತಿದ್ದೀಯಾ? ಇವತ್ತು ಹತ್ತನೇ ಸಲ."

"ನಿನ್ನ ಬಾಯಿಗೂ ಕಿವಿಗೂ ಎಷ್ಟು ದೂರ ಅಂತ ನೋಡ್ತಿದ್ದೀನಿ."

"ಅಷ್ಟು ದೂರದ ಶಾಲೆಗೆ ನೀನ್ಯಾಕೆ ಹೊರೋದು? ನನ್ನ ಗಾಡಿಲಿ ಹಾಕು, ತಗೊಂಡೋಗ್ತೀನಿ."

"ನಿನ್ನ ಗಾಡಿ ನಡೆದ್ರೆ ಗಾಡಿಗೆ ಸಕ್ಕರೆ ಇಳಿಯುತ್ತೆ. ನನಗಲ್ಲ."

ಅವನು ನಕ್ಕ. ಅಷ್ಟೇ ಮಾತು. ಇಡೀ ದಿನದಲ್ಲಿ ಅವಳ ಬಾಯಿಂದ ಹೊರಟದ್ದು ಅಷ್ಟೇ. ಸಂಜೆ ಮನೆಗೆ ಹೋಗಿ ತರಕಾರಿ ಹೆಚ್ಚಿದರೆ ಒಬ್ಬಳ ತಟ್ಟೆಗೆ ಎಷ್ಟು ಬೇಕೆಂದು ಕೈಗೆ ಗೊತ್ತಾಗುತ್ತಿರಲಿಲ್ಲ. ಮೂವತ್ತೊಂದು ವರ್ಷದ ಕೈ ಅದು, ಇಬ್ಬರಿಗೇ ಹೆಚ್ಚುತ್ತಿತ್ತು.

ತನ್ನ ಸ್ಟೀಲ್ ಲೋಟಕ್ಕೆ ಸಕ್ಕರೆ ಹಾಕುವುದನ್ನು ಬಿಟ್ಟಳು. ಮೊದಲ ವಾರ ಮದ್ದು ಕುಡಿದಂತಿತ್ತು, ಆಮೇಲೆ ನಾಲಿಗೆ ಸುಮ್ಮನಾಯಿತು. ನೀಲಿ ಕಪ್ಪಿಗೆ ಮಾತ್ರ ಮೂರು ಚಮಚ ಬೀಳುತ್ತಲೇ ಇತ್ತು. ಅದು ಅವರದಲ್ಲವೇ.

ಮೂರು ತಿಂಗಳಾದ ಮೇಲೆ ಮತ್ತೆ ರಕ್ತ ಕೊಟ್ಟಳು. ನೂರಹದಿನೇಳು.

ನರ್ಸು ಚೀಟಿ ತಿರುಗಿಸಿ ತಿರುಗಿಸಿ ನೋಡಿದಳು. "ನಡೀತಿದ್ದೀರಾ?"

"ನಡೀತಿದ್ದೀನಿ. ಚಪ್ಪಲಿ ಸವೆದಿದೆ, ಬೇಕಾದ್ರೆ ನೋಡಿ."

"ಟೀಗೆ ಸಕ್ಕರೆ?"

"ನನ್ನ ಟೀಗೆ ಹಾಕ್ಕೊಳ್ಳಲ್ಲ."

"ಎಲ್ಲೋ ಒಂದು ಕಡೆಯಿಂದ ಬರ್ತಿದೆ ಕಾಜಕ್ಕ. ನಂಗೆ ಹೇಳದಿದ್ರೂ ಪರವಾಗಿಲ್ಲ. ನಿಮಗೆ ನೀವು ಹೇಳ್ಕೊಳ್ಳಿ. ಮೂರು ತಿಂಗಳು ಬಿಟ್ಟು ನೋಡೋಣ. ಮೇಲೆ ಹೋಗಿದ್ರೆ ಡಾಕ್ಟರ ಹತ್ರ ಕರ್ಕೊಂಡು ಹೋಗ್ತೀನಿ."

ಎಲ್ಲಿಂದ ಬರುತ್ತಿದೆ ಎಂದು ಕಾಜಕ್ಕನಿಗೆ ಗೊತ್ತಿತ್ತು. ಅಂಗಡಿಗೆ ಬಂದು ಆರು ಗಂಟೆಗೆ ಎರಡು ಟೀ ಮಾಡಿದಳು.

ಅದಾದ ವಾರದಲ್ಲಿ ನಾದಿನಿ ಬಂದಳು, ಮಾಸ್ಟರ ತಂಗಿ. ಅಣ್ಣನದೇ ಹಣೆ, ಅಣ್ಣನದೇ ನಡಿಗೆ. ಅವಳು ಬಾಗಿಲಲ್ಲಿ ನಿಂತಾಗ ಬೆಳಕಿಗೆ ಮುಖ ಕಾಣದೆ ಮಿಷನ್ನು ತುಳಿಯುತ್ತಿದ್ದ ಕಾಜಕ್ಕನ ಕಾಲು ನಿಂತೇ ಹೋಯಿತು. ನಾದಿನಿಗೆ ಒಂದು ಕಚೇರಿಯಲ್ಲಿ ಕೂತು ಕಾಗದ ಜೋಡಿಸುವ ಕೆಲಸ. ಕೈಯಲ್ಲಿದ್ದ ಚೀಲದಿಂದ ಎರಡು ಪ್ಯಾಂಟು ಎಳೆದು ಮೇಜಿನ ಮೇಲೆ ಹಾಕಿದಳು.

"ಅತ್ತಿಗೆ, ಇದನ್ನೊಂಚೂರು ಬಿಟ್ಟು ಕೊಡಿ. ಒಗೆದೂ ಒಗೆದೂ ಬಟ್ಟೆ ಕುಗ್ಗಿದೆ."

ಅದೇ ಮಾತು. ಅದೇ ದನಿ. ಕಾಜಕ್ಕ ಪ್ಯಾಂಟನ್ನು ಒಳಮೈ ಹೊರಗೆ ಮಾಡಿ ಹಿಡಿದಳು. ಹಿಂದಿನ ಹೊಲಿಗೆಯ ಪಕ್ಕ ಸೂಜಿ ತೂತಿನ ಹಳೇ ಸಾಲೊಂದು ಕಂಡಿತು. ಹಿಂದೊಮ್ಮೆ ಬಿಚ್ಚಿ ಬಿಟ್ಟದ್ದು. ತನ್ನದೇ ಕೈ.

"ಬಿಚ್ಚಲ್ಲ," ಎಂದಳು.

"ಯಾಕೆ, ಕೆಲಸ ಜಾಸ್ತಿನಾ? ಮುಂದಿನ ವಾರ ಕೊಡಿ."

"ಮುಂದಿನ ವಾರನೂ ಬಿಚ್ಚಲ್ಲ."

"ಏನತ್ತಿಗೆ ಇದು, ಬೇರೆ ದರ್ಜಿ ನೋಡ್ಕೋ ಅಂತೀರಾ? ಅಣ್ಣ ಇದ್ದಿದ್ರೆ ನಿಂತ ಕಾಲಲ್ಲಿ ಮಾಡ್ಕೊಡ್ತಿದ್ದ."

"ಹೌದು. ನಿಮ್ಮಣ್ಣ ಮಾಡ್ತಿದ್ರು."

ಕಾಜಕ್ಕ ಎದ್ದು ಮೂಲೆಯ ಪೆಟ್ಟಿಗೆ ತೆಗೆದಳು. ಮಾಸ್ಟರ ಬಟ್ಟೆಯೆಲ್ಲ ಯಾರು ಯಾರಿಗೋ ಕೊಟ್ಟಾಗಿತ್ತು. ಒಂದು ಕಂದು ಪ್ಯಾಂಟು ಮಾತ್ರ ಉಳಿದಿತ್ತು. ಹತ್ತು ತಿಂಗಳಿಂದ ಮುಟ್ಟಿರಲಿಲ್ಲ. ಅದನ್ನು ಒಳಮೈ ಹೊರಗೆ ಮಾಡಿ ನಾದಿನಿಯನ್ನು ಕೂರಿಸಿ ಅವಳ ತೊಡೆಯ ಮೇಲೆ ಹಾಸಿದಳು.

"ಎಣಿಸು."

"ಏನನ್ನ?"

"ಗೆರೆ."

ಕಂದು ಬಟ್ಟೆಯ ಮೇಲೆ ಬಿಚ್ಚಿದ ಹೊಲಿಗೆಗಳ ಗುರುತು ಸಾಲಾಗಿತ್ತು. ಬಿಸಿಲು ಕಾಣದ ಕಡೆ ಬಣ್ಣ ಗಾಢವಾಗಿ, ತೂತುಗಳು ಚುಕ್ಕೆ ಚುಕ್ಕೆಯಾಗಿ.

"ನಾಲ್ಕು," ಎಂದಳು ನಾದಿನಿ.

"ಇದು ಇವರಿಗೆ ನಲವತ್ತಾದಾಗ. ಇದು ಮೋಟಾರು ಹಾಕಿಸೋ ಮುಂಚೆ. ಇದು ಮೋಟಾರು ಹಾಕಿಸಿದ ಮೇಲೆ. ಇದು ಬಾಯಾರಿಕೆ ಅಂದ ವರ್ಷ. ನೋಡು, ಆಮೇಲೆ ಬಟ್ಟೆನೇ ಇಲ್ಲ. ಅಂಚು ಬಂತು." ಕಾಜಕ್ಕ ಬೆರಳಿಟ್ಟು ತೋರಿಸಿದಳು. "ಪ್ಯಾಂಟು ಮೊದಲನೇ ಸಲಕ್ಕೇ ಹೇಳಿತ್ತು. ನಾನು ಅದರ ಬಾಯಿ ಮುಚ್ಚಿಸ್ದೆ. ನಾಲ್ಕು ಸಲ."

ನಾದಿನಿ ಪ್ಯಾಂಟಿನ ಮೇಲೆ ಕೈ ಆಡಿಸಿದಳು. ಅವಳ ಕಣ್ಣು ತುಂಬಿತು. ಕಾಜಕ್ಕ ಅಳಲು ಬಿಡಲಿಲ್ಲ.

"ಅತ್ತಿದ್ದು ಸಾಕು. ನಿನ್ನದು ಅವರದೇ ರಕ್ತ. ಒಡಹುಟ್ಟಿದವರಿಗೆ ಇದ್ರೆ ನಮಗೂ ಬರೋ ಸಂಭವ ಜಾಸ್ತಿಯಂತೆ, ಸಿಸ್ಟರ್ ಹೇಳಿದ್ರು. ರಾತ್ರಿ ನಮ್ಮನೇಲೇ ಉಳಿ. ನಾಳೆ ಬೆಳಿಗ್ಗೆ ಏನೂ ತಿನ್ನಬೇಡ. ಆಸ್ಪತ್ರೆಗೆ ನಾನೇ ಕರ್ಕೊಂಡು ಹೋಗ್ತೀನಿ. ನಡ್ಕೊಂಡು."

"ನಂಗೇನೂ ಆಗಿಲ್ಲ ಅತ್ತಿಗೆ. ಒಂದು ನೋವಿಲ್ಲ, ಒಂದು ಜ್ವರ ಇಲ್ಲ."

"ಅವರಿಗೂ ಇರಲಿಲ್ಲ. ಸೂಜಿ ಹೊಕ್ಕಾಗಲೂ ಇರಲಿಲ್ಲ."

ಆಗ ಮೂರು ಗಂಟೆ. ಟೀ ಹೊತ್ತು. ನಾದಿನಿಯ ಕಣ್ಣು ಮಾಸ್ಟರ ಮಿಷನ್ನಿನ ಮೇಲೆ ಹೋಯಿತು. ಹನ್ನೊಂದರ ನೀಲಿ ಕಪ್ಪು ಇನ್ನೂ ಅಲ್ಲೇ ಇತ್ತು, ತಳದಲ್ಲಿ ಕರಗದೆ ಉಳಿದ ಸಕ್ಕರೆ.

"ಇದು ಯಾರದು?"

ಕಾಜಕ್ಕ ಕಪ್ಪು ಎತ್ತಿಕೊಳ್ಳಲು ಹೋದಳು.

"ಅತ್ತಿಗೆ. ಅಣ್ಣನ ಕಪ್ಪಿನಲ್ಲಿ ಯಾರು ಕುಡೀತಿದ್ದಾರೆ?"

"ನಾನೇ," ಎಂದಳು ಕಾಜಕ್ಕ. "ಅವರಿಗೆ ಅಂತ ಮಾಡ್ತೀನಿ. ಚೆಲ್ಲೋಕಾಗಲ್ಲ."

ನಾದಿನಿಯ ತೊಡೆಯ ಮೇಲೆ ಪ್ಯಾಂಟು ಹಾಗೇ ಹಾಸಿತ್ತು, ನಾಲ್ಕು ಗೆರೆಯೂ ಮೇಲೆ ಮುಖ ಮಾಡಿ.

ಮರುದಿನ ಇಬ್ಬರೂ ಆಸ್ಪತ್ರೆಗೆ ನಡೆದು ಹೋದರು. ನಾದಿನಿಯದು ನೂರಾನಾಲ್ಕು ಬಂತು. ಅವಳೂ ಹೊಸ್ತಿಲು ಹತ್ತಿದ್ದಳು, ಒಂದು ಕಾಲು ಮಾತ್ರ. ನೂಲು ಸುತ್ತಿಸಿಕೊಂಡು, ಬೈಸಿಕೊಂಡು, ತನ್ನ ಊರಿನ ಬಸ್ಸು ಹತ್ತಿ ಹೋದಳು. ಪ್ಯಾಂಟುಗಳನ್ನು ಬಿಚ್ಚಿಸದೆ ವಾಪಸು ಒಯ್ದಳು. ವಾರಕ್ಕೊಮ್ಮೆ ಫೋನು ಮಾಡುತ್ತೇನೆ ಎಂದಳು. ಮೊದಲ ಎರಡು ವಾರ ಮಾಡಿದಳು.

ಕಾಜಕ್ಕ ಆಸ್ಪತ್ರೆಗೆ ಹೋಗಿ ಬಂದ ಆ ದಿನವೇ ಹನ್ನೊಂದಕ್ಕೆ ಒಲೆ ಹಚ್ಚಿ ಒಂದೇ ಟೀಯಷ್ಟು ನೀರಿಟ್ಟಳು. ಪಾತ್ರೆಯ ತಳದಲ್ಲಿ ನೀರು ಇಷ್ಟೇ ಇಷ್ಟು ಕಂಡಿತು. ಬೇಗ ಕುದಿಯಿತು. ಸೋಸಿ ಲೋಟಕ್ಕೆ ಬಿಟ್ಟಳು. ನೀಲಿ ಕಪ್ಪನ್ನು ತೊಳೆದು ಬೋರಲು ಹಾಕಿದಳು. ಆ ಮೊದಲ ದಿನ ಹೊಲಿದ ಮೂರು ಕಾಲರುಗಳೂ ಸೊಟ್ಟಗಾದವು. ಸಂಜೆ ಬಿಚ್ಚಿ ಮತ್ತೆ ಹೊಲಿದಳು.

ಆಮೇಲಿನದು ಸುಲಭವಾಗಿರಲಿಲ್ಲ. ಆರು ಗಂಟೆಗೆ ಸಕ್ಕರೆ ಡಬ್ಬಿಯ ಮುಚ್ಚಳ ತೆಗೆದು ನಿಂತ ದಿನಗಳಿದ್ದವು. ಎರಡು ಸಲ ಸೋತು ನೀಲಿ ಕಪ್ಪು ತುಂಬಿಸಿದಳು. ಒಮ್ಮೆ ಮಾಸ್ಟರ್ ಹೋಗಿ ವರ್ಷ ತುಂಬಿದ ದಿನ. ಇನ್ನೊಮ್ಮೆ ಯಾವ ದಿನವೂ ಅಲ್ಲ, ಸುಮ್ಮನೆ ಒಂದು ಮಂಗಳವಾರ. ಮರುದಿನ ಡಬ್ಬಿಯನ್ನೇ ಇಸ್ತ್ರಿಯಣ್ಣನಿಗೆ ಕೊಟ್ಟುಬಿಟ್ಟಳು.

"ಏನಕ್ಕ ಇದು, ಒಂದು ಕಿಲೋ ಇದೆ. ನನಗೆ ಬರಲಿ ಅಂತಾನಾ ಕಾಯಿಲೆ?"

"ಬಂದವರಿಗೆಲ್ಲ ಹಂಚು. ನೀನೊಬ್ಬನೇ ತಿನ್ನಬೇಡ. ನಿನ್ನ ಹೊಟ್ಟೆಗೂ ನೂಲು ಸುತ್ತಿ ನೋಡೋದಿದೆ."

"ನಿನ್ನ ಉಂಡೆ ಸಾಲಲ್ಲ ಬಿಡು."

ಮೂರು ತಿಂಗಳು ತುಂಬಿದ ಬೆಳಿಗ್ಗೆ ಬರಿಹೊಟ್ಟೆಯಲ್ಲಿ ಆಸ್ಪತ್ರೆಗೆ ಹೋದಳು. ಬೆಂಚಿನ ಮೇಲೆ ಕೂತವರೆಲ್ಲ ಜೊತೆಗೊಬ್ಬರನ್ನು ಕರೆತಂದಿದ್ದರು. ಅವಳ ಪಕ್ಕದ ಜಾಗ ಖಾಲಿ ಇತ್ತು. ಅಲ್ಲಿ ಚೀಲ ಇಟ್ಟಳು. ಚೀಲದಲ್ಲಿ ಶಾಲೆಗೆ ಮುಟ್ಟಿಸಬೇಕಾದ ಹನ್ನೆರಡು ಅಂಗಿ.

ನರ್ಸು ಚೀಟಿ ಹಿಡಿದು ಬಂದಳು. "ನೂರಾ ಆರು," ಎಂದಳು. "ಅರವತ್ನಾಲ್ಕೂವರೆ ಕಿಲೋ. ಇನ್ನೂ ಹೊಸ್ತಿಲ ಮೇಲೇ ಇದ್ದೀರಿ, ಆದ್ರೆ ಈಗ ಮುಖ ಈಚೆಗಿದೆ. ಬಿಡಬೇಡಿ. ಬಿಟ್ರೆ ವಾಪಸು ಹೋಗುತ್ತೆ. ವರ್ಷಕ್ಕೊಂದ್ಸಲ ಆದ್ರೂ ನೋಡಿಸ್ತಿರಬೇಕು, ಇದು ಮುಗಿಯೋ ಕೆಲಸ ಅಲ್ಲ."

"ನಮ್ಮ ಕೆಲಸನೂ ಮುಗಿಯೋದಲ್ಲ," ಎಂದಳು ಕಾಜಕ್ಕ.

"ಎಲ್ಲಿಂದ ಬರ್ತಿತ್ತು ಅಂತ ಗೊತ್ತಾಯ್ತಾ?"

"ಗೊತ್ತಾಯ್ತು."

ನರ್ಸು ಮುಂದಿನವರನ್ನು ಕರೆದಳು.

ಶಾಲೆಗೆ ಅಂಗಿ ಕೊಟ್ಟು ಅಂಗಡಿಗೆ ಬರುವಾಗ ಹನ್ನೊಂದಾಗಿತ್ತು. ಗೋಡೆಯ ಮೊಳೆಗೆ ಅವಳ ಎತ್ತರದ ನೂಲು ನೇತಾಡುತ್ತಿತ್ತು. ತೆಗೆದು ಮಡಚಿ ಸೊಂಟಕ್ಕೆ ಸುತ್ತಿದಳು. ನಾಲ್ಕು ಇಂಚು ಬಾಕಿ. ಅಂಗಿ ಸಡಿಲವಾಗಿತ್ತು. ಅದನ್ನು ಬಿಗಿ ಮಾಡಿಕೊಳ್ಳಬೇಕು. ಬಿಗಿ ಮಾಡಿ, ಒಳಗಿನ ಬಟ್ಟೆಯನ್ನು ಕತ್ತರಿಸಿ ಎಸೆಯಬೇಕು ಎಂದುಕೊಂಡಳು. ಮತ್ತೆ ಬಿಡಲು ಏನೂ ಇರಬಾರದು.

ಒಂದು ಟೀ ಮಾಡಿದಳು. ಸೋಸುವಾಗ ಕೈ ಸ್ಟೀಲ್ ಲೋಟದತ್ತ ಹೋಗಿ ನಿಂತಿತು. ಆ ಮಂಗಳವಾರದಿಂದ ಬೋರಲು ಬಿದ್ದಿದ್ದ ನೀಲಿ ಕಪ್ಪನ್ನು ಎತ್ತಿ ಅದಕ್ಕೆ ಬಿಟ್ಟಳು. ಸಕ್ಕರೆಯಿಲ್ಲ. ಮಾಸ್ಟರ ಮಿಷನ್ನಿನ ಹೊದಿಕೆ ತೆಗೆದು, ಮೊದಲ ಸಲ ಅವರ ಸ್ಟೂಲಿನ ಮೇಲೆ ಕೂತಳು. ಅಲ್ಲಿಂದ ಬೀದಿ ಕಾಣುತ್ತಿತ್ತು. ಅವಳ ಜಾಗದಿಂದ ಮೂವತ್ತೊಂದು ವರ್ಷ ಕಂಡದ್ದು ಗೋಡೆ.

ಮುರಿದ ಕಿವಿಯ ಕಡೆ ಬೆರಳು ಸುಡುತ್ತಿತ್ತು. ಒಂದು ಗುಟುಕು ಕುಡಿದಳು. ದಿನಾ ಇದನ್ನೇ ಕುಡಿಯುತ್ತಿದ್ದಳು. ಆದರೂ ಆ ಕಪ್ಪಿನಿಂದ, ಆ ಸ್ಟೂಲಿನ ಮೇಲೆ ಕೂತು ಕುಡಿದಾಗ, ಅವರು ಒಂದೂವರೆ ವರ್ಷ ಕುಡಿದದ್ದು ಏನೆಂದು ನಾಲಿಗೆಗೆ ತಿಳಿಯಿತು.

"ಹೌದು ರೀ," ಎಂದಳು, ಬೀದಿ ನೋಡುತ್ತ. "ರುಚಿನೇ ಇಲ್ಲ."

ತಣ್ಣಗಾಗಲು ಬಿಡದೆ ತಳದವರೆಗೆ ಕುಡಿದಳು. ಕಪ್ಪು ತೊಳೆದಿಟ್ಟು, ಕಾವಲುಗಾರರ ಖಾಕಿ ಅಂಗಿಗಳ ಗಂಟು ಹೊತ್ತು ಹೊರಟಳು. ನಾಲ್ಕು ಬೀದಿ ದಾಟಬೇಕಿತ್ತು.